ತೋಟದಂಚಿಗೆ ಬಂದ ಹುಲಿ ಯಾವ ಹುಲಿ?

2025ರ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ. ಮೈಸೂರು ಜಿಲ್ಲೆಯ ಸರಗೂರು ಕಡೆ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡರು. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿದರು. ಆ ಸುದ್ದಿ ಟಿ.ವಿ.ಯಲ್ಲಿ ಓಡುತ್ತಿದ್ದಾಗ ನಮ್ಮ ಚಿಕ್ಕಮಗಳೂರು ಕಡೆ ಅರೇಬಿಕಾ ಕಾಫಿ ಹಣ್ಣು ಕೆಂಪಾಗುತ್ತಿತ್ತು. ಕುಯ್ಲಿಗೆ ಬರುವವರು ಮಂಜು ಕರಗುವ ಮೊದಲೇ ತೋಟಕ್ಕೆ ಇಳಿಯಬೇಕು. ಗಿಡದ ಸಾಲಿನ ಆಚೆ ಏನಿದೆ ಎಂದು ಕಾಣುವುದಿಲ್ಲ. ಹೀಗಿರುವಾಗ ಯಾರದೋ ಮೊಬೈಲಿನಲ್ಲಿ ಎಸ್ಟೇಟ್ ರಸ್ತೆ ದಾಟುವ ಹುಲಿಯ ವಿಡಿಯೊ ಬಂತೆಂದರೆ ಲೈನ್ ಮನೆಗಳಲ್ಲಿ ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಆಗ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. "ನಮ್ ಕಡೆನೂ ಹುಲಿ ಜಾಸ್ತಿ ಆಗಿದ್ಯಾ?" "ಅಷ್ಟು ದೊಡ್ಡ ಕಾಡಿದೆಯಲ್ಲ, ಒಳಗೇ ಇರಕ್ಕೇನು ಅದಕ್ಕೆ?" "ಹಿಡ್ದು ದೂರದ ಕಾಡಿಗೆ ಬಿಟ್ಬಿಟ್ರೆ ಆಯ್ತಲ್ಲ ಸಾರ್?" ಕೇಳುವವರ ಭಯ ನಿಜವಾದದ್ದು, ಪ್ರಶ್ನೆಯೂ ನ್ಯಾಯವಾದದ್ದು. ಆದರೆ ಹುಲಿಗಳು ತಮ್ಮತಮ್ಮಲ್ಲಿ ಕಾಡನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದು ಗೊತ್ತಾಗದ ಹೊರತು ಇವುಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ಹಾಗಾಗಿ ಬುಡದಿಂದ ನೋಡೋಣ.

ಮೊದಲು ನಮ್ಮ ಕಾಡು

ಚಿಕ್ಕಮಗಳೂರಿನ ಬೆಟ್ಟಸಾಲಿಗೆ ಚಂದ್ರದ್ರೋಣ ಎಂದು ಹೆಸರು ಬಂದಿರುವುದೇ ಅದು ಅರ್ಧಚಂದ್ರನ ಹಾಗೆ ಬಾಗಿರುವುದರಿಂದ. ಆ ಬಾಗಿನ ಮಡಿಲಲ್ಲಿ ಜಾಗರ ಕಣಿವೆ ಇದೆ, ಅಲ್ಲೇ ಮುತ್ತೋಡಿ. ಉತ್ತರಕ್ಕೆ ಹೋದರೆ ಲಕ್ಕವಳ್ಳಿ, ಭದ್ರಾ ಅಣೆಕಟ್ಟು, ಅದರ ಹಿನ್ನೀರು. 1951ರಲ್ಲಿ ಜಾಗರ ಕಣಿವೆಯನ್ನಷ್ಟೇ ವನ್ಯಧಾಮ ಎಂದು ಘೋಷಿಸಿದ್ದರು. 1974ರಲ್ಲಿ ಲಕ್ಕವಳ್ಳಿ ಕಾಡನ್ನೂ ಸೇರಿಸಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಅದು ಹುಲಿ ಯೋಜನೆಯೊಳಗೆ ಬಂತು. ಇಂದು ಕರ್ನಾಟಕದಲ್ಲಿರುವ ಐದು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದೂ ಒಂದು. ಉಳಿದವು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಮತ್ತು ಕಾಳಿ.

ಇಲ್ಲಿ ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ಕೋರ್ ಎಂದರೆ ಕಾಡಿನ ನಡುಭಾಗ, ಹುಲಿಗೆಂದೇ ಬಿಟ್ಟದ್ದು. ಭದ್ರಾದಲ್ಲಿ ಇದು ಸುಮಾರು 492 ಚದರ ಕಿಲೋಮೀಟರ್. ಬಫರ್ ಎಂದರೆ ಅದರ ಹೊರಸುತ್ತು. ಊರು, ತೋಟ, ರಸ್ತೆ, ಮೀಸಲು ಅರಣ್ಯ ಎಲ್ಲ ಅದರಲ್ಲಿ ಬೆರೆತಿರುತ್ತವೆ. ಎರಡೂ ಸೇರಿದರೆ ಸಾವಿರ ಚದರ ಕಿಲೋಮೀಟರ್ ಮೀರುತ್ತದೆ. ಈ ಗೆರೆಗಳನ್ನು ಎಳೆದಿರುವುದು ನಾವು, ನಕ್ಷೆಯ ಮೇಲೆ. ಬಫರಿನ ಕಾಫಿ ತೋಟದಲ್ಲಿ ಹುಲಿ ಕಂಡರೆ "ಕಾಡು ಬಿಟ್ಟು ಹೊರಗೆ ಬಂದಿದೆ" ಎನ್ನುತ್ತೇವೆ. ಹುಲಿಯ ಲೆಕ್ಕದಲ್ಲಿ ಅದು ಹೊರಗೆ ಬಂದಿಲ್ಲದೆಯೂ ಇರಬಹುದು. ನೆರಳು, ನೀರು, ಹಂದಿ, ಕಾಡುಕುರಿ ಎಲ್ಲ ಇರುವ ನಮ್ಮ ಮರಗಾಡಿನಂಥ ತೋಟ ಅದಕ್ಕೆ ಕಾಡಿನದೇ ಒಂದು ಅಂಚು.

ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವುದು

ಹುಲಿಯ ಬದುಕಿನ ಎಲ್ಲ ಲೆಕ್ಕವೂ ಹೊಟ್ಟೆಯಿಂದ ಶುರುವಾಗುತ್ತದೆ. ಬೆಳೆದ ಗಂಡು ಹುಲಿ ಇನ್ನೂರು ಕಿಲೋ ಮೀರಿ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ನೂರರಿಂದ ನೂರರವತ್ತು ಕಿಲೋ. ಇಷ್ಟು ದೊಡ್ಡ ಪ್ರಾಣಿ ಮೊಲ, ಕಾಡುಕೋಳಿ ಹಿಡಿದುಕೊಂಡು ಬದುಕಲಾರದು. ಅದಕ್ಕೆ ವಾರಕ್ಕೊಂದು ದೊಡ್ಡ ಬೇಟೆ ಬೇಕು. ಎಂದರೆ ವರ್ಷಕ್ಕೆ ಸುಮಾರು ಐವತ್ತು ಕಡವೆ, ಜಿಂಕೆ, ಹಂದಿ, ಕಾಟಿ. ಮರಿ ಇರುವ ತಾಯಿಗೆ ಇನ್ನೂ ಹೆಚ್ಚು. ಅದೂ ಕಷ್ಟಪಟ್ಟು ಸಿಗುವಂಥದ್ದು: ಹತ್ತು ಸಲ ಹೊಂಚಿ ಕೂತರೆ ಒಂದು ಸಲ ಕೈಗೂಡಿದರೆ ಹೆಚ್ಚು. ಹುಲಿ ತೋಳದ ಹಾಗೆ ಮೈಲುಗಟ್ಟಲೆ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿಯಲ್ಲ. ಅಡಗಿ, ಹತ್ತಿರ ಬಂದು, ಕೆಲವೇ ನೆಗೆತದಲ್ಲಿ ಮುಗಿಸಬೇಕು. ಆ ನೆಗೆತ ತಪ್ಪಿದರೆ ಬೇಟೆ ಹೋಯಿತು.

ಈಗ ಬ್ಯಾಂಕಿನಲ್ಲಿಟ್ಟ ಗಂಟನ್ನು ನೆನಪು ಮಾಡಿಕೊಳ್ಳಿ. ಬಡ್ಡಿ ತಿಂದುಕೊಂಡಿದ್ದರೆ ಗಂಟು ಹಾಗೇ ಇರುತ್ತದೆ, ಅಸಲಿಗೆ ಕೈ ಹಾಕಿದರೆ ಕರಗುತ್ತದೆ. ಕಾಡಿನ ಜಿಂಕೆ, ಕಡವೆಗಳೂ ಹಾಗೇ. ಹುಲಿ ವರ್ಷಕ್ಕೆ ಹತ್ತರಲ್ಲಿ ಒಂದನ್ನು ತೆಗೆದರೆ ಹೊಸ ಮರಿಗಳು ಹುಟ್ಟಿ ಮಂದೆ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಐವತ್ತು ಬಡ್ಡಿ ಬರಬೇಕಾದರೆ ಅಸಲು ಐನೂರು ಇರಬೇಕು. ಒಂದೇ ಒಂದು ಹುಲಿಯ ಹಿಂದೆ ಐನೂರು ಗೊರಸಿನ ಪ್ರಾಣಿಗಳು ಬದುಕಿರಬೇಕು ಎಂದಾಯಿತು. ನನ್ನ ಮಟ್ಟಿಗೆ ಹುಲಿಯ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ಒಂದು ಹುಲಿಗೆ ಎಷ್ಟು ಕಾಡು ಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದೂ ಇದರಿಂದಲೇ. ಆ ಐನೂರು ಪ್ರಾಣಿ ಎಷ್ಟು ಜಾಗದಲ್ಲಿ ಮೇಯುತ್ತವೋ ಅಷ್ಟು ಜಾಗ ಬೇಕು. ನಾಗರಹೊಳೆಯಂಥ ಜಿಂಕೆ ತುಂಬಿದ ಕಾಡಿನಲ್ಲಿ ಹೆಣ್ಣು ಹುಲಿಗೆ ಹದಿನೈದು ಇಪ್ಪತ್ತು ಚದರ ಕಿಲೋಮೀಟರ್ ಸಾಕು. ರಷ್ಯಾದ ಪೂರ್ವ ತುದಿಯ ಹಿಮಕಾಡಿನಲ್ಲಿ ಬೇಟೆ ವಿರಳ. ಅಲ್ಲಿ ಒಂದು ಹೆಣ್ಣಿಗೆ ನಾನೂರು ಚದರ ಕಿಲೋಮೀಟರಿನಷ್ಟು ಬೇಕಾಗುತ್ತದೆ. ಕೆರೆ ಕೆಳಗಿನ ಒಂದೆಕರೆ ಗದ್ದೆಗೂ ಮಳೆ ನಂಬಿದ ಹತ್ತೆಕರೆ ಖುಷ್ಕಿಗೂ ಇರುವ ವ್ಯತ್ಯಾಸ ಇದು.

ನಮ್ಮ ಜಿಲ್ಲೆಯೊಳಗೇ ಈ ವ್ಯತ್ಯಾಸ ಕಾಣುತ್ತದೆ. ಮುತ್ತೋಡಿ, ಲಕ್ಕವಳ್ಳಿಯ ಬಹುಭಾಗ ಬೇಸಿಗೆಗೆ ಎಲೆ ಉದುರಿಸುವ ಕಾಡು. ಎಲೆ ಉದುರಿದರೆ ಬಿಸಿಲು ನೆಲ ಮುಟ್ಟುತ್ತದೆ, ಮಳೆ ಬಿದ್ದ ಕೂಡಲೇ ಹುಲ್ಲು, ಬಿದಿರ ಕಳಲೆ, ಸೊಪ್ಪು ಬರುತ್ತವೆ. ಮೇವು ನೆಲದ ಮಟ್ಟದಲ್ಲೇ ಇರುತ್ತದೆ. ಕುದುರೆಮುಖದ ಕಡೆಯ ಹಸಿಕಾಡಿನಲ್ಲಿ ವರ್ಷವಿಡೀ ಹಸಿರು, ಆದರೆ ಆ ಎಲೆಯೆಲ್ಲ ನೂರಡಿ ಮೇಲೆ. ಕೆಂಜಳಿಲು, ಮಂಗಗಳಿಗೆ ಅದು ಹಬ್ಬ. ನೆಲದ ಮೇಲೆ ನಿಂತ ಕಡವೆಗೆ ದಕ್ಕುವುದು ಕಡಿಮೆ. ಅಲ್ಲಿ ಹುಲಿಗೂ ಹೆಚ್ಚು ಜಾಗ ಬೇಕು. ಲಂಟಾನ ಎಂಬ ಕಳೆಪೊದೆ ಹಬ್ಬಿದ ಕಾಡಿನಲ್ಲೂ ಇದೇ ಕಥೆ, ಕಣ್ಣಿಗೆ ಹಸಿರೋ ಹಸಿರು, ಹುಲ್ಲಿಗೆ ಮಾತ್ರ ಎಡೆಯಿಲ್ಲ.

ಹೆಣ್ಣು ನೋಡುವುದು ಬೇಟೆ, ಗಂಡು ನೋಡುವುದು ಹೆಣ್ಣು

ಹೆಣ್ಣು ಹುಲಿ ನೆಲ ಹಿಡಿಯುವುದು ಮರಿ ಸಾಕುವುದಕ್ಕಾಗಿ. ಅದರ ನೆಲದಲ್ಲಿ ಬೇಟೆ ಇರಬೇಕು, ಬೇಸಿಗೆಯಲ್ಲೂ ಬತ್ತದ ನೀರಿರಬೇಕು, ಮರಿ ಬಚ್ಚಿಡಲು ಕಲ್ಲಿನ ಸಂದಿಯೋ ಬಿದಿರ ಮೆಳೆಯೋ ಇರಬೇಕು. ಇವಿಷ್ಟು ಸಿಕ್ಕರೆ ಅದು ಎಷ್ಟು ಚಿಕ್ಕ ನೆಲವಾದರೂ ಸರಿ; ಚಿಕ್ಕದಾದಷ್ಟೂ ಕಾಯುವುದು ಸುಲಭ.

ಗಂಡಿನ ಲೆಕ್ಕ ಬೇರೆ. ಅದಕ್ಕೆ ಬೇಕಿರುವುದು ಹೆಣ್ಣುಗಳ ಸಂಗ. ಹಾಗಾಗಿ ಎರಡೋ ಮೂರೋ ಹೆಣ್ಣುಗಳ ನೆಲವನ್ನು ಒಟ್ಟಾಗಿ ಸುತ್ತುಗಟ್ಟುವಷ್ಟು ದೊಡ್ಡ ನೆಲ ಹಿಡಿಯುತ್ತದೆ. ಅದರೊಳಗೆ ಇನ್ನೊಂದು ಗಂಡು ಬರಕೂಡದು. ನಕ್ಷೆ ಬರೆದರೆ ಹೆಣ್ಣುಗಳ ನೆಲ ಚಿಕ್ಕಚಿಕ್ಕ ತುಂಡುಗಳಾಗಿ ಪಕ್ಕಪಕ್ಕ ಕೂರುತ್ತದೆ, ಅದರ ಮೇಲೆ ಗಂಡಿನ ನೆಲ ದೊಡ್ಡ ಕಂಬಳಿಯ ಹಾಗೆ ಹಾಸಿಕೊಳ್ಳುತ್ತದೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ಒಂದು ಕಾಡು ಎಷ್ಟು ಹುಲಿ ಸಾಕಬಲ್ಲದು ಎಂಬುದನ್ನು ತೀರ್ಮಾನಿಸುವುದು ಹೆಣ್ಣುಗಳ ನೆಲ. ಸುಮ್ಮನೆ ಲೆಕ್ಕಕ್ಕೆಂದು ಭದ್ರಾದ ಕೋರ್‌ನ 492 ಚದರ ಕಿಲೋಮೀಟರನ್ನು ಇಪ್ಪತ್ತರಿಂದ ಭಾಗಿಸಿ ನೋಡಿ. ಇಡೀ ಕಾಡು ಒಂದೇ ಸಮ ಫಲವತ್ತಾಗಿದ್ದರೂ ಇಪ್ಪತ್ತನಾಲ್ಕು ಹೆಣ್ಣುಗಳಿಗಷ್ಟೇ ಜಾಗ. ಕಡಿದಾದ ಗಿರಿನೆತ್ತಿ, ಹಸಿಕಾಡು, ಹಿನ್ನೀರು ಕಳೆದರೆ ಇನ್ನೂ ಕಡಿಮೆ. ಬೆಟ್ಟದ ಮೇಲೆ ನಿಂತು ನೋಡಿದಾಗ ಕೊನೆಯೇ ಕಾಣದಂತಿರುವ ಕಾಡು ಹುಲಿಯ ಲೆಕ್ಕದಲ್ಲಿ ಬೆರಳೆಣಿಕೆಯ ಮನೆಗಳಿರುವ ಒಂದು ಸಣ್ಣ ಹಳ್ಳಿ. "ಅಷ್ಟು ದೊಡ್ಡ ಕಾಡಿದೆಯಲ್ಲ" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಬಾಂದು ಕಲ್ಲಿಲ್ಲದ ಎಲ್ಲೆ

ಬೇಲಿಯಿಲ್ಲ, ಬಾಂದು ಕಲ್ಲಿಲ್ಲ, ಪಹಣಿಯಿಲ್ಲ. ಆದರೂ ಪಕ್ಕದ ಹುಲಿಗೆ ಎಲ್ಲೆ ಗೊತ್ತಿರುತ್ತದೆ. ಹೇಗೆ?

ಮುಖ್ಯವಾಗಿ ವಾಸನೆಯಿಂದ. ಹುಲಿ ಬಾಲ ಎತ್ತಿ ದಾರಿ ಬದಿಯ ಮರದ ಬೊಡ್ಡೆಗೆ ಹಿಂದಕ್ಕೆ ಸಿಂಪಡಿಸುತ್ತದೆ. ಅದು ಬರಿಯ ಮೂತ್ರವಲ್ಲ. ಜಿಡ್ಡಿನಂಶ ಬೆರೆತಿರುವುದರಿಂದ ವಾಸನೆ ಬೇಗ ಹಾರಿಹೋಗುವುದಿಲ್ಲ. ಹಿಂದೊಮ್ಮೆ ಕಾಡಿನ ದಾರಿಯಲ್ಲಿ ಜೊತೆಗಿದ್ದ ವಾಚರ್ ಒಬ್ಬರು ಓರೆಯಾಗಿದ್ದ ಮರವೊಂದರ ಹತ್ತಿರ ನಿಲ್ಲಿಸಿ "ಮೂಸಿ ನೋಡಿ" ಎಂದರು. ಮುಖ ಸಿಂಡರಿಸುವ ನಾತ ಇರುತ್ತದೆಂದುಕೊಂಡು ಬಗ್ಗಿದರೆ, ಅನ್ನ ಬೇಯುವಾಗ ಬರುವಂಥ ಘಮ. ಅದು ನನ್ನ ಭ್ರಮೆಯಲ್ಲ ಎಂದು ಆಮೇಲೆ ತಿಳಿಯಿತು. ಬಾಸುಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಹುಲಿಯ ಈ ಗುರುತಿನಲ್ಲೂ ಇದೆ.

ಆ ವಾಸನೆಯೊಳಗೆ ಸುದ್ದಿ ಇರುತ್ತದೆ: ಹಾಕಿದ್ದು ಗಂಡೋ ಹೆಣ್ಣೋ, ಹೆಣ್ಣಾದರೆ ಬೆದೆಗೆ ಬಂದಿದೆಯೋ, ಎಷ್ಟು ದಿನ ಹಳತು. ಮೂಸಿದ ಹುಲಿ ಮೇಲ್ದುಟಿ ಎತ್ತಿ, ಬಾಯಿ ತೆರೆದು, ಹಲ್ಲು ಕಿರಿದಂತೆ ಒಂದು ಗಳಿಗೆ ನಿಲ್ಲುತ್ತದೆ. ಬಾಯಿಯ ಅಂಗುಳದಲ್ಲಿ ವಾಸನೆ ಓದುವ ಒಂದು ಅಂಗವಿದೆ, ಅಲ್ಲಿಗೆ ಗಾಳಿ ಎಳೆದುಕೊಳ್ಳುವ ಬಗೆ ಅದು. ಎಮ್ಮೆ, ಹೋರಿಗಳು ಮೂತ್ರ ಮೂಸಿ ತುಟಿ ಎತ್ತುವುದನ್ನು ಕೊಟ್ಟಿಗೆ ಇರುವ ಮನೆಯವರೆಲ್ಲ ಕಂಡಿದ್ದೀರಿ, ಇದೂ ಅದೇ.

ಇದಲ್ಲದೆ ನೆಲ ಕೆರೆದು ಗುರುತು ಮಾಡುತ್ತದೆ, ಮರದ ತೊಗಟೆಯನ್ನು ಉಗುರಿನಿಂದ ಸೀಳುತ್ತದೆ, ದಾರಿಯ ನಡುವೆ ಎದ್ದು ಕಾಣುವಂತೆ ಹಿಕ್ಕೆ ಹಾಕುತ್ತದೆ. ರಾತ್ರಿ ಕೂಗುತ್ತದೆ, ಆ ಕೂಗು ಎರಡು ಮೂರು ಕಿಲೋಮೀಟರ್ ಕೇಳುತ್ತದೆ. ಇಷ್ಟೆಲ್ಲ ಏಕೆಂದರೆ ಜಗಳ ತಪ್ಪಿಸಲು. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ಕಾಲಿನ ಒಂದು ಗಾಯವೂ ಹಸಿವಿನ ದಾರಿ. ಆನೆ ಕುಂಟಿದರೂ ಮೇಯುತ್ತದೆ, ಹುಲಿ ಕುಂಟಿದರೆ ಬೇಟೆಯಿಲ್ಲ. ಆದ್ದರಿಂದ ಮುಖಾಮುಖಿಯಾಗುವ ಮೊದಲೇ "ಇಲ್ಲಿ ನಾನಿದ್ದೇನೆ" ಎಂದು ತಿಳಿಸಿಬಿಡುವುದು ಇಬ್ಬರಿಗೂ ಒಳ್ಳೆಯದು.

ಈ ಗುರುತನ್ನು ಮತ್ತೆ ಮತ್ತೆ ಹೊಸದು ಮಾಡುತ್ತಿರಬೇಕು. ಹುಲಿ ಸತ್ತರೆ, ಕಾಯಿಲೆ ಬಿದ್ದರೆ, ಯಾರಾದರೂ ಹಿಡಿದುಕೊಂಡು ಹೋದರೆ ವಾಸನೆ ಹಳತಾಗುತ್ತದೆ. ಕೆಲವೇ ವಾರಗಳಲ್ಲಿ ಪಕ್ಕದವರಿಗೆ ಮನೆ ಖಾಲಿ ಎಂದು ಗೊತ್ತಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾಲು ಸಿಗದ ಮಕ್ಕಳು

ಹುಲಿಯ ಬಸಿರು ಮೂರೂವರೆ ತಿಂಗಳು. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ, ಹುಟ್ಟುವಾಗ ಕಣ್ಣು ತೆರೆದಿರುವುದಿಲ್ಲ. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಅಟ್ಟದಿಂದ ಕಣಜಕ್ಕೆ, ಕಣಜದಿಂದ ಸೌದೆ ಕೊಟ್ಟಿಗೆಗೆ ಸಾಗಿಸುವಂತೆಯೇ ತಾಯಿ ಜಾಗ ಬದಲಿಸುತ್ತಿರುತ್ತದೆ. ಒಂದೂವರೆಯಿಂದ ಎರಡು ವರ್ಷ ಮರಿಗಳು ತಾಯಿಯ ಜೊತೆ. ಅಲ್ಲಿಯವರೆಗೂ ಅದಕ್ಕೆ ಇನ್ನೊಂದು ಸೂಲಿಲ್ಲ. ಎಷ್ಟೋ ಮರಿಗಳು ಮೊದಲ ವರ್ಷವೇ ಸಾಯುತ್ತವೆ: ಹಸಿವು, ಕಾಡುಬೆಂಕಿ, ಜೊತೆಗೆ ಹೊಸ ಗಂಡು.

ಹೊಸ ಗಂಡಿನ ವಿಷಯ ಕೇಳಲು ಕಷ್ಟ, ಆದರೆ ಅದು ತಿಳಿಯದೆ ಮುಂದಿನದು ಅರ್ಥವಾಗದು. ಒಂದು ಗಂಡು ಹಳೆಯ ಗಂಡನ್ನು ಓಡಿಸಿ ನೆಲ ಹಿಡಿದರೆ ಅಲ್ಲಿರುವ ಎಳೆ ಮರಿಗಳನ್ನು ಕೊಲ್ಲುವುದುಂಟು. ಮರಿ ಇರುವವರೆಗೆ ತಾಯಿ ಬೆದೆಗೆ ಬರುವುದಿಲ್ಲ, ಮರಿ ಹೋದರೆ ಬರುತ್ತದೆ. ಹೀಗಾಗಿ ತಂದೆ ಹುಲಿ ಮರಿಗಳಿಗೆ ಬೇಟೆ ತಂದುಕೊಡದಿದ್ದರೂ, ಅದು ತನ್ನ ಎಲ್ಲೆ ಕಾಯುತ್ತಿರುವುದೇ ಮರಿಗಳ ಜೀವಕ್ಕೆ ಕಾವಲು.

ಎರಡು ವರ್ಷ ತುಂಬಿದ ಮರಿ ತನ್ನ ನೆಲ ತಾನು ನೋಡಿಕೊಳ್ಳಬೇಕು. ಇಲ್ಲಿ ಹೆಣ್ಣುಮಕ್ಕಳಿಗೊಂದು ನ್ಯಾಯ, ಗಂಡುಮಕ್ಕಳಿಗೊಂದು. ಹೆಣ್ಣು ಮರಿ ಸಾಧ್ಯವಾದರೆ ತಾಯಿಯ ನೆಲದ ಪಕ್ಕದಲ್ಲೇ, ಕೆಲವೊಮ್ಮೆ ತಾಯಿಯ ನೆಲದ ಒಂದು ತುಂಡಿನಲ್ಲೇ ನೆಲೆಯಾಗುತ್ತದೆ. ಕರಾವಳಿಯ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿದ್ದುದನ್ನು ಇದು ನೆನಪಿಸುತ್ತದೆ. ಗಂಡು ಮರಿಗೆ ಆ ಅನುಕೂಲವಿಲ್ಲ. ತಂದೆಯ ನೆಲದಲ್ಲಿ ಉಳಿಯುವ ಹಾಗಿಲ್ಲ, ಪಕ್ಕದ ಗಂಡಿನ ನೆಲಕ್ಕೆ ಕಾಲಿಟ್ಟರೆ ಏಟು. ಸೋದರಿ ತೌರಿನಲ್ಲೇ ಉಳಿದರೆ ಅದು ದೇಶಾಂತರ ಹೊರಡುತ್ತದೆ.

ಎಷ್ಟು ದೂರ? 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಳಿ ಒಂದು ಎಳೆ ಗಂಡು ಹುಲಿಯನ್ನು ಸೆರೆಹಿಡಿದರು. ಅದರ ಮೈಮೇಲಿನ ಪಟ್ಟೆಗಳನ್ನು ಹಳೆಯ ಚಿತ್ರಗಳೊಂದಿಗೆ ಹೋಲಿಸಿದಾಗ ಅದು ಬಂಡೀಪುರದಲ್ಲಿ ಮೊದಲು ಕ್ಯಾಮೆರಾಗೆ ಸಿಕ್ಕಿದ್ದ ಹುಲಿಯೇ ಎಂದು ಗೊತ್ತಾಯಿತು. ನಡುವೆ ಸುಮಾರು 280 ಕಿಲೋಮೀಟರ್. ಹೆದ್ದಾರಿ, ಹೊಳೆ, ತೋಟ, ಊರು ಎಲ್ಲವನ್ನೂ ದಾಟಿ ಅದು ಬಂದಿತ್ತು. ಎಷ್ಟು ಜನರ ಕಣಕ್ಕೂ ಕೊಟ್ಟಿಗೆಗೂ ಹತ್ತಿರದಲ್ಲೇ ಹಾದುಹೋಯಿತೋ, ಯಾರಿಗೂ ತಿಳಿಯಲಿಲ್ಲ.

ಇಂಥ ನಡಿಗೆಗೆ ದಾರಿ ಬೇಕು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಘಟ್ಟದ ಕಾಡಿಗೆ ಇಲ್ಲಿ ದೊಡ್ಡ ಬೆಲೆಯಿದೆ. ಕೊಡಗಿನ ಪುಷ್ಪಗಿರಿ, ಸಕಲೇಶಪುರದ ಕೆಳಗಿನ ಬಿಸಿಲೆ, ಅಲ್ಲಿಂದ ಉತ್ತರಕ್ಕೆ ಕುದುರೆಮುಖ, ಅದರ ಆಚೆ ಭದ್ರಾ ಎಂದು ಕಾಡು ತುಂಡುತುಂಡಾಗಿಯಾದರೂ ಕೊಂಡಿ ಕೊಂಡಿಯಾಗಿ ಹಬ್ಬಿದೆ. ಇದನ್ನೇ ಕಾರಿಡಾರ್ ಎನ್ನುತ್ತಾರೆ. ತೋಟಗಳ ನಡುವಿನ ಬಂಡಿದಾರಿ ಇದ್ದಂತೆ: ಯಾರೂ ಅಲ್ಲಿ ಮನೆ ಕಟ್ಟಿಕೊಂಡಿರುವುದಿಲ್ಲ, ಆದರೆ ಅದು ಮುಚ್ಚಿದರೆ ಎಲ್ಲರ ಓಡಾಟವೂ ನಿಲ್ಲುತ್ತದೆ.

ಹಾಗಾದರೆ ತೋಟದ ಹುಲಿ ಯಾರು?

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಅಂಚಿನಲ್ಲಿ ಕಾಣುವ ಹುಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು. ಅಂಚನ್ನೂ ತನ್ನ ನೆಲದೊಳಗೆ ಸೇರಿಸಿಕೊಂಡಿರುವ ಹುಲಿ. ಇದು ವರ್ಷಗಟ್ಟಲೆ ಓಡಾಡಿಕೊಂಡಿದ್ದರೂ ಕಣ್ಣಿಗೆ ಬೀಳುವುದೇ ಅಪರೂಪ. ಅಥವಾ ನೆಲ ಹುಡುಕಿಕೊಂಡು ಹೊರಟ ಎರಡು ಮೂರು ವರ್ಷದ ಪ್ರಾಯದ ಹುಲಿ. ಅಥವಾ ನೆಲ ಕಳೆದುಕೊಂಡ ಮುದಿ ಹುಲಿ. ಕಾಡಿನಲ್ಲಿ ಹುಲಿಯ ಆಯಸ್ಸು ಹತ್ತು ಹನ್ನೆರಡು ವರ್ಷ, ಅದಕ್ಕಿಂತ ಮುಂದೆ ಬದುಕುವುದು ಕೆಲವು ಮಾತ್ರ. ಕೋರೆ ಮುರಿದು, ಇಲ್ಲವೇ ಮುಳ್ಳುಹಂದಿಯ ಮುಳ್ಳು ಪಾದಕ್ಕೆ ಹೊಕ್ಕು ಕೀವು ತುಂಬಿ, ಕಡವೆಯ ಹಿಂದೆ ನೆಗೆಯಲಾರದ ಹುಲಿಗೆ ಹಗ್ಗದಲ್ಲಿ ಕಟ್ಟಿದ ದನ ಸುಲಭದ ತುತ್ತು. ದನದ ಜೊತೆ ದನ ಕಾಯುವವರೂ ಇರುತ್ತಾರೆ. ಬಹಳಷ್ಟು ದುರಂತಗಳು ನಡೆಯುವುದು ಅಲ್ಲಿ.

ಹಿಡಿದು ದೂರ ಬಿಟ್ಟರೆ?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ, ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. 2014ರ ಕೊನೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಬ್ಬ ಮಹಿಳೆಯನ್ನು ಹುಲಿ ಕೊಂದಿತು. ಅದನ್ನು ಹಿಡಿದು, ರೇಡಿಯೊ ಕಾಲರ್ ಹಾಕಿ, ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಕಾಡಿಗೆ ಬಿಟ್ಟರು. ಕೆಲವೇ ವಾರಗಳಲ್ಲಿ ಅಲ್ಲಿ ಇನ್ನೊಬ್ಬ ಮಹಿಳೆ ಅದಕ್ಕೆ ಬಲಿಯಾದರು. ಡಿಸೆಂಬರ್ ಮುಗಿಯುವುದರೊಳಗೆ ಆ ಹುಲಿಯನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ಎರಡು ಊರುಗಳ ಎರಡು ಮನೆ ಬರಿದಾದವು.

ಏಕೆ ಹೀಗಾಗುತ್ತದೆ ಎಂಬುದು ಇಷ್ಟು ಹೊತ್ತು ಓದಿದವರಿಗೆ ಹೊಳೆದಿರಬಹುದು. ಬೇಟೆ ಚೆನ್ನಾಗಿರುವ ಕಾಡಿನಲ್ಲಿ ಆಗಲೇ ಹುಲಿಗಳಿರುತ್ತವೆ, ಹೊಸದಕ್ಕೆ ಜಾಗವಿಲ್ಲ. ಹುಲಿಗಳಿಲ್ಲದ ಕಾಡೆಂದರೆ ಬಹುಮಟ್ಟಿಗೆ ಬೇಟೆಯೂ ಇಲ್ಲದ ಕಾಡು. ಮೊದಲನೆಯದರಲ್ಲಿ ಬಿಟ್ಟರೆ ಏಟು ತಿಂದು ಅಂಚಿಗೆ ಬರುತ್ತದೆ, ಎರಡನೆಯದರಲ್ಲಿ ಬಿಟ್ಟರೆ ಹಸಿದು ಅಂಚಿಗೆ ಬರುತ್ತದೆ. ಅಂಚಿನಲ್ಲಿರುವುದು ಊರು. ದಾರಿ ಗೊತ್ತಿಲ್ಲ, ನೀರೆಲ್ಲಿ ಗೊತ್ತಿಲ್ಲ, ಜೊತೆಗೆ ಹಿಡಿಯುವಾಗ ಆದ ಗಾಯ.

ಹಿಡಿದ ಜಾಗದಲ್ಲೇನಾಗುತ್ತದೆ? ವಾಸನೆಯ ಗುರುತು ಹಳತಾಗುತ್ತದೆ, ಮನೆ ಖಾಲಿಯೆಂಬ ಸುದ್ದಿ ಹರಡುತ್ತದೆ, ಇನ್ನೊಂದು ಬರುತ್ತದೆ. ಮೊದಲಿನದು ಯಾರ ತಂಟೆಗೂ ಹೋಗದೆ ವರ್ಷಗಟ್ಟಲೆ ಇದ್ದ ಹುಲಿಯಾಗಿದ್ದರೆ, ಅದರ ಜಾಗಕ್ಕೆ ಊರಿನ ಪರಿಚಯವೇ ಇಲ್ಲದ ಎಳೆಯದು ಬರಬಹುದು. ಹೋದದ್ದು ಗಂಡಾಗಿದ್ದರೆ ಆ ನೆಲದ ಮರಿಗಳಿಗೂ ಕುತ್ತು. ಮನುಷ್ಯರ ಮೇಲೆ ಬೀಳುವ ಹುಲಿಯನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಮತ್ತೆ ಇನ್ನೊಂದು ಕಾಡಿಗೆ ಬಿಡಬಾರದು ಎಂಬುದೂ ಅಷ್ಟೇ ಖಚಿತ. ಆದರೆ ಬರಿದೆ ಕಣ್ಣಿಗೆ ಬಿದ್ದಿತೆಂಬ ಕಾರಣಕ್ಕೆ ಹಿಡಿಸುವುದರಿಂದ ಆ ತೋಟದವರಿಗೆ ಸಿಗುವ ನೆಮ್ಮದಿ ಕೆಲವು ವಾರಗಳದ್ದು.

ಹುಲಿ ಜಾಸ್ತಿಯಾಗಿವೆಯೇ? ಎಣಿಸುವ ಬಗೆ

ಮೊದಲೆಲ್ಲ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ ಬೀಳುತ್ತದೆ; ಆ ಎಣಿಕೆ ನಂಬುವ ಹಾಗಿರಲಿಲ್ಲ. ರಾಜಸ್ಥಾನದ ಸಾರಿಸ್ಕಾದಲ್ಲಿ ಲೆಕ್ಕದ ಪುಸ್ತಕದಲ್ಲಿದ್ದ ಹುಲಿಗಳು ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದಾಗ ಆ ಪದ್ಧತಿ ಕೈಬಿಟ್ಟುಹೋಯಿತು.

ಈಗಿನದು ಪಟ್ಟೆ ಎಣಿಕೆ. ನಮ್ಮ ಹೆಬ್ಬೆರಳ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಮೈಗೂ ಬಲಮೈಗೂ ಪಟ್ಟೆ ಬೇರೆ. ಆದ್ದರಿಂದ ದಾರಿಯ ಎರಡೂ ಬದಿ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ, ಹುಲಿ ನಡುವೆ ಬಂದರೆ ಎರಡು ಮೈಯ ಚಿತ್ರವೂ ಸಿಗುತ್ತದೆ. ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ರೂಪಿಸಿದವರು ನಮ್ಮವರೇ ಆದ ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತರು.

ಕ್ಯಾಮೆರಾಗೆ ಎಲ್ಲ ಹುಲಿಗಳೂ ಸಿಗುವುದಿಲ್ಲವಲ್ಲ, ಸಿಗದವನ್ನು ಲೆಕ್ಕ ಹಾಕುವುದು ಹೇಗೆ? ಕೆರೆಯ ಮೀನಿನ ಉದಾಹರಣೆ ತೆಗೆದುಕೊಳ್ಳಿ. ಐವತ್ತು ಮೀನು ಹಿಡಿದು, ರೆಕ್ಕೆಗೆ ಗುರುತು ಹಾಕಿ ಮತ್ತೆ ಕೆರೆಗೆ ಬಿಡಿ. ಕೆಲವು ದಿನ ಬಿಟ್ಟು ಮತ್ತೆ ಐವತ್ತು ಹಿಡಿದಾಗ ಹತ್ತರಲ್ಲಿ ಗುರುತು ಇತ್ತು ಎನ್ನಿ. ಎಂದರೆ ಐದಕ್ಕೆ ಒಂದು ಗುರುತಿನದು. ಗುರುತಿನವು ಒಟ್ಟು ಐವತ್ತು, ಹಾಗಾದರೆ ಕೆರೆಯಲ್ಲಿ ಸುಮಾರು ಇನ್ನೂರೈವತ್ತು ಮೀನಿವೆ. ಹುಲಿಗೆ ಗುರುತು ಹಾಕುವ ಕೆಲಸವೇ ಇಲ್ಲ, ಹುಟ್ಟುವಾಗಲೇ ಹಾಕಿಸಿಕೊಂಡು ಬಂದಿರುತ್ತದೆ. ನಿಜವಾದ ಲೆಕ್ಕ ಇನ್ನೂ ಜಟಿಲ, ಆದರೆ ತಿರುಳು ಇಷ್ಟೇ.

2006ರಲ್ಲಿ ಕರ್ನಾಟಕದಲ್ಲಿ 290 ಹುಲಿಗಳಿವೆ ಎಂದು ಅಂದಾಜಾಗಿತ್ತು. 2014ರಲ್ಲಿ ಅದು 406, 2018ರಲ್ಲಿ 524, 2022ರ ಎಣಿಕೆಯಲ್ಲಿ 563. ಜಾಸ್ತಿಯಾಗಿವೆ, ಹೌದು. ಆದರೆ ಕೊನೆಯ ನಾಲ್ಕು ವರ್ಷದ ಏರಿಕೆ ಅದರ ಹಿಂದಿನ ನಾಲ್ಕು ವರ್ಷಕ್ಕಿಂತ ಬಹಳ ಸಣ್ಣದು ಎಂಬುದನ್ನೂ ಗಮನಿಸಿ. ಒಳ್ಳೆಯ ಕಾಡುಗಳಲ್ಲಿ ಮನೆಗಳು ತುಂಬಿದಂತೆ ಹೆಚ್ಚುವ ವೇಗ ತಾನೇ ಕಡಿಮೆಯಾಗುತ್ತದೆ. ತುಂಬಿದ ಕಾಡಿನಲ್ಲೂ ಹುಟ್ಟು ನಿಲ್ಲುವುದಿಲ್ಲ. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ನಡೆದ ಅಧ್ಯಯನದಲ್ಲಿ ಪ್ರತಿ ವರ್ಷ ನೂರಕ್ಕೆ ಸುಮಾರು ಇಪ್ಪತ್ತಮೂರು ಹುಲಿಗಳು ಸಾಯುತ್ತಿದ್ದವು ಅಥವಾ ಆ ಕಾಡು ಬಿಟ್ಟು ಹೋಗುತ್ತಿದ್ದವು. ಆದರೂ ಸಂಖ್ಯೆ ಕುಸಿಯಲಿಲ್ಲ. ಅಷ್ಟೇ ಹೊಸವು ಸೇರುತ್ತಿದ್ದವು. ಹೊರಗಿನಿಂದ ನೋಡುವವರಿಗೆ ಸಂಖ್ಯೆ ನಿಂತ ನೀರಿನಂತೆ ಕಾಣುತ್ತದೆ, ಒಳಗೆ ಅದು ಹರಿಯುತ್ತಲೇ ಇರುತ್ತದೆ. ಅಂಚಿನಲ್ಲಿ ನಾವು ಕಾಣುವ ಎಳೆ ಹುಲಿಗಳು ಆ ಹರಿವಿನವು.

ಜಾಗರದ ಹಳೆಯ ಗದ್ದೆಗಳು

ಭದ್ರಾ ಕಾಡು ಯಾವಾಗಲೂ ಹೀಗಿರಲಿಲ್ಲ. 1980ರ ದಶಕದ ಕೊನೆಗೆ ದನಗಳ ದೊಡ್ಡರೋಗ ಕಾಡಿಗೂ ನುಗ್ಗಿ ಕಾಟಿಗಳು ರಾಶಿರಾಶಿಯಾಗಿ ಸತ್ತವು. ಊರ ದನಗಳಿಗೆ ಲಸಿಕೆ ಹಾಕಿ ಹಾಕಿ ಆ ರೋಗ ಇಂದು ಭೂಮಿಯ ಮೇಲೆಯೇ ಇಲ್ಲದಂತಾಗಿದೆ. 2011ರಲ್ಲಿ ಜಗತ್ತು ಅದರಿಂದ ಮುಕ್ತವೆಂದು ಸಾರಿದರು. ಕೊಟ್ಟಿಗೆಯ ದನ ಆರೋಗ್ಯವಾಗಿದ್ದರೆ ಕಾಡಿನ ಕಾಟಿಯೂ ಬದುಕುತ್ತದೆ, ಕಾಟಿ ಬದುಕಿದರೆ ಹುಲಿಗೆ ಬಡ್ಡಿ ಬರುತ್ತದೆ.

ಆಗ ಕಾಡಿನೊಳಗೆ ಊರುಗಳಿದ್ದವು. ತಲೆಮಾರುಗಳಿಂದ ಗದ್ದೆ ಮಾಡಿಕೊಂಡಿದ್ದ ಜನ. ಕಾಡುಹಂದಿ, ಆನೆಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿಯೆಲ್ಲ ಅಟ್ಟಣೆಯಲ್ಲಿ ಎಚ್ಚರ, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಲು ದಾರಿಯಿಲ್ಲ. 2001, 2002ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿಂದ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಗೆ ಮತ್ತು ಮೂಡಿಗೆರೆ ಕಡೆಯ ಕೆಳಗೂರಿಗೆ ಸ್ಥಳಾಂತರವಾದವು. ಜಮೀನು, ಮನೆ ಕೊಟ್ಟು ಮಾಡಿದ ಈ ಸ್ಥಳಾಂತರವನ್ನು ದೇಶದಲ್ಲಿ ಸಮಾಧಾನಕರವಾಗಿ ನಡೆದ ಕೆಲವೇ ಉದಾಹರಣೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಹಾಗೆಂದು ಹುಟ್ಟಿದೂರಿನ ದೇವರ ಬನ, ಹಿರಿಯರ ಸಮಾಧಿ ಬಿಟ್ಟು ಬಂದ ನೋವನ್ನು ಯಾವ ಜಮೀನೂ ತುಂಬುವುದಿಲ್ಲ. ಇಂದು ಹುಲಿಗೆ ಸಿಕ್ಕಿರುವ ನೆಲದಲ್ಲಿ ಅವರ ಪಾಲು ಇದೆ ಎಂಬುದನ್ನು ನಾವು ಮರೆಯಕೂಡದು.

ಆ ಗದ್ದೆಗಳಲ್ಲಿ ಈಗ ಹುಲ್ಲು. ಮರ ದಟ್ಟವಾಗಿರುವ ಕಾಡಿನ ನಡುವೆ ಬಯಲು ಹುಲ್ಲುಗಾವಲು ಸಿಕ್ಕರೆ ಚುಕ್ಕೆ ಜಿಂಕೆ, ಕಾಟಿಗಳಿಗೆ ಅದಕ್ಕಿಂತ ಇನ್ನೇನು ಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಲಕ್ಕವಳ್ಳಿ ಕಡೆಯೂ ಹಾಗೇ ಹೊಸ ಹುಲ್ಲು ಮೇಲೇಳುತ್ತದೆ. ಹುಲಿಯನ್ನು ಹೊರಗಿನಿಂದ ತಂದು ಬಿಡಬೇಕಾಗಲಿಲ್ಲ. ಅಸಲು ಬೆಳೆಯಿತು, ಅದರ ಹಿಂದೆ ಹುಲಿ ತಾನೇ ಬಂತು.

ತೋಟದಲ್ಲಿ ಹೆಜ್ಜೆ ಕಂಡರೆ

ಮೊದಲು ಯಾವುದರ ಹೆಜ್ಜೆ ಎಂದು ನೋಡಿ. ಉಗುರಿನ ಗುರುತು ಬಿದ್ದಿದ್ದರೆ ಬಹುಮಟ್ಟಿಗೆ ನಾಯಿ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತವೆ. ಉಗುರಿಲ್ಲದ, ನಾಲ್ಕು ಬೆರಳಿನ ಗುರುತು ನಿಮ್ಮ ಅಂಗೈಗಿಂತ ಸಣ್ಣದಾಗಿದ್ದರೆ ಚಿರತೆಯಿರಬಹುದು. ಅಂಗೈ ಮೀರಿ ಅಗಲವಿದ್ದರೆ ಹುಲಿ. ನಮ್ಮ ತೋಟಗಳಲ್ಲಿ "ಹುಲಿ ಬಂತು" ಎಂದು ಹಬ್ಬುವ ಎಷ್ಟೋ ಸುದ್ದಿ ಚಿರತೆಯದ್ದೇ. ಹುಲಿ ಇರುವ ಕಾಡಿನ ನಡುವೆ ಚಿರತೆಗೆ ಉಳಿಗಾಲ ಕಷ್ಟ, ಅದು ಅಂಚಿಗೆ ಸರಿದು ಬಾಳುತ್ತದೆ. ಗುರುತಿನ ಪಕ್ಕ ಬೆಂಕಿಪೊಟ್ಟಣವನ್ನೋ ಪೆನ್ನನ್ನೋ ಇಟ್ಟು ಫೋಟೊ ತೆಗೆದು, ಮೇಲೊಂದು ಬುಟ್ಟಿ ಮುಚ್ಚಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.

ಕುಯ್ಲಿನವರು ಬಿಸಿಲೇರಿದ ಮೇಲೆ, ಗುಂಪಾಗಿ, ಮಾತಾಡುತ್ತ ಇಳಿಯಲಿ. ಬಗ್ಗಿ ಕೂತ ಮನುಷ್ಯ ದೂರದಿಂದ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣುತ್ತಾನೆ, ಕಳೆ ತೆಗೆಯುವಾಗ, ಸೌದೆ ಆರಿಸುವಾಗ ಒಬ್ಬಂಟಿಯಾಗಿರಬೇಡಿ. ಹುಲಿಯೇ ಎದುರಾದರೆ ಬೆನ್ನು ತಿರುಗಿಸಿ ಓಡಬೇಡಿ. ಮುಖ ಅದರ ಕಡೆ ಇಟ್ಟುಕೊಂಡು ನಿಧಾನ ಹಿಂದೆ ಸರಿಯಿರಿ. ಅದು ಹೋಗಲು ದಾರಿ ಬಿಡಿ. ನೂರು ಜನ ಸುತ್ತುವರಿದು ಕಲ್ಲು ಬೀರಿದಾಗ ತಪ್ಪಿಸಿಕೊಳ್ಳಲು ನುಗ್ಗುವ ಹುಲಿಗೆ ಎದುರಿಗಿರುವವರು ಯಾರೆಂದು ಗೊತ್ತಿರುವುದಿಲ್ಲ.

ಹುಲಿ ದನ ಹಿಡಿದಿದ್ದರೆ ಆ ಕಳೇಬರದ ಹತ್ತಿರ ಹೋಗಬೇಡಿ. ಅದು ಒಂದೇ ಸಲಕ್ಕೆ ಮುಗಿಸುವುದಿಲ್ಲ, ತರಗೆಲೆ ಎಳೆದು ಮುಚ್ಚಿ, ಹತ್ತಿರದ ಪೊದೆಯಲ್ಲೇ ಮಲಗಿದ್ದು ಮತ್ತೆ ಮತ್ತೆ ಬರುತ್ತದೆ. ಪಶುವೈದ್ಯರ ವರದಿ, ಅರಣ್ಯ ಇಲಾಖೆಯ ಮಹಜರು ಆದರೆ ಪರಿಹಾರ ಬರುತ್ತದೆ. ಬರುವುದು ತಡವಾಗುತ್ತದೆಂಬ ಸಿಟ್ಟು ನಮ್ಮೂರುಗಳಲ್ಲಿ ಇದೆ, ಅದನ್ನು ಬೇಗ ಕೊಡಿಸುವುದು ಹುಲಿ ಉಳಿಸುವ ಕೆಲಸದ್ದೇ ಒಂದು ಭಾಗ. ಆ ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಹಾಕಿದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಕಾಡಿನಲ್ಲಿ ಕಂಡೆವು. ಒಂದು ದನದ ಹೆಣದ ಸುತ್ತ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು.

ಕಳೇಬರವನ್ನು ಹಾಗೇ ಬಿಟ್ಟರೆ ಸಾಮಾನ್ಯವಾಗಿ ಮೂರು ನಾಲ್ಕು ರಾತ್ರಿ. ತಿಂದು ಮುಗಿಸಿ, ಹೊಳೆಗಿಳಿದು ನೀರು ಕುಡಿದು, ಹುಲಿ ತನ್ನ ಎಲ್ಲೆಯ ಗುರುತುಗಳನ್ನು ಹೊಸದು ಮಾಡಲು ಹೊರಟುಹೋಗಿರುತ್ತದೆ.